ಎರಡೂ ಕೈ ಮೇಲೆತ್ತಿ

ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ ಮುರಿಗೆವ್ವನ ಅಂಗೈಗೆ ಸೂಜಿ ಹೊಕ್ಕಿತು.

ಹಳದಿ ಚೀಲದಲ್ಲಿ ಸೂಜಿ ಇರಬಾರದು. ಸೂಜಿಗೆಂದೇ ಬಿಳಿ ಡಬ್ಬಿ ಇದೆ, ಅದರ ಮೇಲೆ ಇಂಗ್ಲಿಷಿನಲ್ಲಿ ದಪ್ಪಗೆ ಬರೆದೂ ಇದೆ. ಆದರೆ ವಾರ್ಡಿನಲ್ಲಿ ಎಲ್ಲರಿಗೂ ಅವಸರ. ಹತ್ತಿರ ಯಾವ ಚೀಲ ಕಂಡರೆ ಅದಕ್ಕೆ ಎಸೆದು ಹೋಗುತ್ತಾರೆ. ಆಮೇಲೆ ಆ ಚೀಲ ಬಿಚ್ಚಿ ಆರಿಸುವ ಕೈ ಅವರದಲ್ಲವಲ್ಲ.

ವಿದ್ಯಾನಗರದ ಆ ಖಾಸಗಿ ಆಸ್ಪತ್ರೆಯ ಮುಂಭಾಗದಲ್ಲಿ ಗಾಜು, ಹೂವಿನ ಕುಂಡ, ಎ.ಸಿ. ಹಿಂಭಾಗದಲ್ಲಿ ಜನರೇಟರಿನ ಪಕ್ಕ ಒಂದು ತಗಡಿನ ಕೋಣೆ. ದಿನವಿಡೀ ಅಲ್ಲಿಗೆ ಚೀಲಗಳು ಬಂದು ಬೀಳುತ್ತವೆ. ರಕ್ತದ ಹತ್ತಿ, ಕೀವಿನ ಪಟ್ಟಿ, ಹೆರಿಗೆ ಕೋಣೆಯ ಬಟ್ಟೆ. ಮುರಿಗೆವ್ವ ಮತ್ತು ಗುಲ್ನಾಜ ಕೆಳಗೆ ಕುಕ್ಕರಗಾಲಲ್ಲಿ ಕೂತು ಅದನ್ನು ಬಣ್ಣದ ಪ್ರಕಾರ ಆರಿಸುತ್ತಿದ್ದರು. ಗುರುವಾರಕ್ಕೊಮ್ಮೆ ಒಂದು ಜೊತೆ ಕೈಗವಸು ಕೊಡುತ್ತಿದ್ದರು. ಶನಿವಾರದ ಹೊತ್ತಿಗೆ ಅದು ಹರಿಯುತ್ತಿತ್ತು. ಉಳಿದ ದಿನ ಬರಿಗೈ. ಬ್ಲೀಚಿಂಗ್ ನೀರಿನಲ್ಲಿ ಅದ್ದಿ ಅದ್ದಿ ಇಬ್ಬರ ಬೆರಳ ತುದಿಯ ಚರ್ಮವೂ ಸುಲಿದುಹೋಗಿತ್ತು.

"ಏನಾತ?" ಗುಲ್ನಾಜ ಕೇಳಿದಳು.

"ಏನಿಲ್ಲ. ಚುಚ್ಚಿತು." ಮುರಿಗೆವ್ವ ಸೂಜಿ ಕಿತ್ತಳು. ಕಿತ್ತು ಬಿಳಿ ಡಬ್ಬಿಗೇ ಹಾಕಿದಳು. ಡಾಕ್ಟರಿಕೆ ಓದಿದವರು ಮಾಡದ ಕೆಲಸವನ್ನು ಶಿರಗುಪ್ಪಿಯ ಕೇರಿಯ ಹುಡುಗಿ ಮಾಡಿದಳು.

ಗುಲ್ನಾಜ ಹಳೇ ಹುಬ್ಬಳ್ಳಿಯವಳು. ಇಪ್ಪತ್ಮೂರು ವರ್ಷ. ಒಂದು ವರ್ಷ ನರ್ಸಿಂಗ್ ಓದಿ, ಅಪ್ಪನ ಕೈಲಾಗದೆ ಬಿಟ್ಟಿದ್ದಳು. ಹಾಗಾಗಿ ಅವಳಿಗೆ ಒಂದು ವಿಷಯ ಗೊತ್ತಿತ್ತು. ಯಾವ ರೋಗಿಯ ರಕ್ತವೋ ತಿಳಿಯದ ಸೂಜಿ ಚುಚ್ಚಿದರೆ ಎರಡು ತಾಸಿನಲ್ಲಿ ಎಚ್‌ಐವಿ ತಡೆಯುವ ಗುಳಿಗೆ ಶುರು ಮಾಡಬೇಕು. ಎಪ್ಪತ್ತೆರಡು ತಾಸು ದಾಟಿದರೆ ಆ ಗುಳಿಗೆಯಿಂದ ಉಪಯೋಗವಿಲ್ಲ. ಅವಳು ಮುರಿಗೆವ್ವನ ರಟ್ಟೆ ಹಿಡಿದು ಮೇಲಕ್ಕೆ ಓಡಿದಳು.

ಆಸ್ಪತ್ರೆಯ ಔಷಧದಂಗಡಿಯಲ್ಲಿ ಗುಳಿಗೆ ಇತ್ತು. ಅದು ತಮ್ಮ ಸಿಬ್ಬಂದಿಗೆ ಮಾತ್ರ, ನೀವು ಏಜೆನ್ಸಿಯವರು, ಏಜೆನ್ಸಿಯನ್ನು ಕೇಳಿ ಎಂದರು. ಏಜೆನ್ಸಿಯ ಆಫೀಸು ಅದೇ ಕಟ್ಟಡದ ನೆಲಮಾಳಿಗೆಯಲ್ಲಿ. ಅಲ್ಲಿ ರಮಾಕಾಂತ ಇರುತ್ತಿದ್ದರು. ಧಾರವಾಡದ ಹಳೆಯ ಮನೆತನ, ಐವತ್ತು ದಾಟಿದ ವಯಸ್ಸು, ಇಸ್ತ್ರಿ ಮುರಿಯದ ಅಂಗಿ. ದನಿ ಏರಿಸಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಕೆಲಸದಿಂದ ತೆಗೆಯುವಾಗಲೂ ಅವರು ಚಹಾ ಕುಡಿಸಿ ತೆಗೆಯುತ್ತಿದ್ದರು.

"ಕೂಡ್ರಿ ತಂಗಿ. ಮದಲ ಸಬಕಾರ ಹಚ್ಚಿ ಛಲೋತ್ನ್ಯಾಗ ತೊಳಕೋರಿ," ಎಂದರು. "ಗುಳಿಗಿ ಕೊಡ್ಸೋಣ, ಇಲ್ಲ ಅನ್ನಂಗಿಲ್ಲ. ಆದ್ರ ಅದಕ್ಕೊಂದು ಪದ್ಧತಿ ಅದ. ಹೆಡ್ ಆಫೀಸಿಗೆ ಪತ್ರ ಬರೀಬೇಕಾಗ್ತದ. ನಾಳೆ ನಾಡಿದ್ದರಾಗ ಉತ್ತರ ಬರ್ತದ." ಇಬ್ಬರ ಮುಖವನ್ನೂ ಸರಿಯಾಗಿ ನೋಡಲಿಲ್ಲ, ಹೆಸರೂ ಕೇಳಲಿಲ್ಲ; ಪತ್ರದಲ್ಲಿ 'ಒಬ್ಬ ಹೌಸ್‌ಕೀಪಿಂಗ್ ಕೆಲಸದವಳು' ಎಂದಷ್ಟೇ ಬರೆದರು.

ಪತ್ರ ಶುಕ್ರವಾರ ಸಂಜೆ ಐದೂವರೆಗೆ ಬಂತು. ಗುಳಿಗೆಯನ್ನು ಸರ್ಕಾರಿ ದವಾಖಾನೆಯಲ್ಲಿ ಪಡೆಯಿರಿ ಎಂದಿತ್ತು; ಅದನ್ನು ಹಿಡಿದು ಇಬ್ಬರೂ ಅಲ್ಲಿಗೆ ಹೋದರು. ಅಲ್ಲಿದ್ದ ಡಾಕ್ಟರಮ್ಮ ಸಣ್ಣ ವಯಸ್ಸಿನವಳು. ಗಡಿಯಾರ ನೋಡಿದಳು, ಏಳು ತಾಸು ತಡವಾಗಿದೆ ಎಂದಳು. ಈಗೊಂದು ರಕ್ತಪರೀಕ್ಷೆ, ಮೂರು ತಿಂಗಳ ಮೇಲೆ ಇನ್ನೊಂದು. ಅಲ್ಲಿಯ ತನಕ ಏನೂ ಹೇಳಲಾಗದು.

"ಯಾಕ ಇಷ್ಟ ತಡಾ ಮಾಡಿದ್ರಿ?" ಎಂದು ಆಕೆ ಇವರನ್ನೇ ಕೇಳಿದಳು. ಗುಲ್ನಾಜಳಿಗೆ ಮೈ ಉರಿದುಹೋಯಿತು. ಆದರೆ ಬೈಯಬೇಕಾದವರು ಅಲ್ಲಿರಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಮುರಿಗೆವ್ವ ಕೂತಳು. ಅಜ್ಜಿಯ ಹೆಸರು ಹೊತ್ತ ಹುಡುಗಿ, ಗುಲ್ನಾಜಳಿಗಿಂತ ಒಂದು ವರ್ಷ ದೊಡ್ಡವಳು. ಮನೆಯಲ್ಲಿ ಅಣ್ಣ ಅರ್ಜುನಪ್ಪ ಒಬ್ಬನೇ. ಅಣ್ಣಿಗೇರಿ ಕಡೆಯ ಒಂದು ಸಂಬಂಧ ಮಾತಾಗಿತ್ತು.

"ಊರಾಗ ಗೊತ್ತಾಗಬಾರದು ನೋಡ," ಎಂದಳು. "ಮ್ಯಾಲಿನ ಓಣ್ಯಾಗ ಹೆಂಗೂ ನನ್ನ ಕೊಡಾ ಮುಟ್ಟಂಗಿಲ್ಲ. ಇನ್ನ ನಮ್ಮ ಓಣ್ಯಾಗೂ ಮುಟ್ಟಂಗಿಲ್ಲ."

"ನಾ ಯಾರಿಗೂ ಹೇಳಂಗಿಲ್ಲ," ಎಂದಳು ಗುಲ್ನಾಜ.

"ಆಣಿ ಮಾಡು."

ಗುಲ್ನಾಜ ಆಣೆ ಮಾಡಿದಳು.

ಮಾತು ಕೊಟ್ಟಳು, ಆದರೆ ಸಿಟ್ಟು ಕೆಳಗಿಳಿಯಲಿಲ್ಲ. ಮರುದಿನ ನಲ್ಲಿಯ ಹತ್ತಿರ ಮುರಿಗೆವ್ವನ ಅಂಗೈಯ ಫೋಟೋ ತೆಗೆದಳು. ಸುಲಿದ ಬೆರಳು, ನಡುವೆ ಕೆಂಪು ಚುಕ್ಕೆ, ಸುತ್ತ ಬಾವು. ಇನ್‌ಸ್ಟಾಗ್ರಾಮಿನಲ್ಲಿ ಒಂದು ಪುಟ ಮಾಡಿ ಅದಕ್ಕೆ 'ಬರಿಗೈ' ಎಂದು ಹೆಸರಿಟ್ಟಳು. ಫೋಟೋದ ಕೆಳಗೆ ಬರೆದಳು: ಸೂಜಿ ಚುಚ್ಚಿದ್ದು ಮಂಗಳವಾರ ಹತ್ತೂವರೆಗೆ. ಗುಳಿಗೆಯ ಪತ್ರ ಬಂದದ್ದು ಶುಕ್ರವಾರ ಐದೂವರೆಗೆ. ನೀವೂ ನಿಮ್ಮ ಕೈ ಕಳಿಸಿ. ಮುಖ ಬೇಡ, ಹೆಸರು ಬೇಡ, ಆಸ್ಪತ್ರೆಯ ಹೆಸರೂ ಬೇಡ.

ಹಾಕುವ ಮೊದಲು ಮುರಿಗೆವ್ವನಿಗೆ ತೋರಿಸಿದಳು. "ಕೈ ನೋಡಿ ಗುರ್ತ ಹಿಡದ್ರ?"

ಮುರಿಗೆವ್ವ ನಕ್ಕುಬಿಟ್ಟಳು. "ಎರಡ ವರ್ಷ ಆತು ಇಲ್ಲಿ ಬಂದು. ನನ್ನ ಮುಖಾನ ಇನ್ನೂ ಯಾರಿಗೂ ನೆನಪಿಲ್ಲ. ಏ ಹೌಸ್‌ಕೀಪಿಂಗ್ ಅಂತ ಕರೀತಾರ. ಕೈ ಯಾರು ನೋಡ್ತಾರ? ಹಾಕು."

ಮೊದಲ ವಾರ ಏನೂ ಆಗಲಿಲ್ಲ. ಆಮೇಲೆ ಒಂದು ಕೈ ಬಂತು. ಬೇರೊಂದು ನರ್ಸಿಂಗ್ ಹೋಮಿನಲ್ಲಿ ಆಂಬುಲೆನ್ಸ್ ತೊಳೆಯುವ ನವಾಜನ ಕೈ. ಹೆಬ್ಬೆರಳಿನ ಉಗುರೇ ಇರಲಿಲ್ಲ. ಅವನ ಹಿಂದೆ ಧಾರವಾಡದ ಲ್ಯಾಬೊಂದರ ಹುಡುಗಿ, ಆಸಿಡ್ ಬಿದ್ದ ಮುಂಗೈ. ಸತ್ತೂರ ಕಡೆಯಿಂದ ಒಂದೇ ದಿನ ಹನ್ನೊಂದು. ಶವಾಗಾರದಲ್ಲಿ ಕೆಲಸ ಮಾಡುವವನೊಬ್ಬ ತನ್ನ ಕೈ ಕಳಿಸಿ, 'ಇದನ್ನ ಎಷ್ಟ್ ತೊಳದ್ರೂ ನನ್ನ ಮಗಳು ಈ ಕೈಲೆ ಉಣ್ಣಂಗಿಲ್ಲ' ಎಂದು ಬರೆದಿದ್ದ. ಎಲ್ಲ ಇಪ್ಪತ್ತು, ಇಪ್ಪತ್ತೈದರ ಹುಡುಗ ಹುಡುಗಿಯರು. ಒಬ್ಬರ ಮುಖ ಒಬ್ಬರು ಕಂಡವರಲ್ಲ.

ನವಾಜ ವಾಟ್ಸಾಪ್ ಗ್ರೂಪು ಕಟ್ಟಿದ. ಇನ್ನೂರ ಹದಿನಾಲ್ಕು ಮಂದಿ ಸೇರಿದರು. ಗುಲ್ನಾಜ ಬೇಡಿಕೆ ಬರೆದಳು. ದಿನಕ್ಕೊಂದು ಜೊತೆ ಕೈಗವಸು. ಸೂಜಿ ಚುಚ್ಚಿದರೆ ಎರಡು ತಾಸಿನಲ್ಲಿ ಗುಳಿಗೆ, ಯಾವ ಪತ್ರವೂ ಇಲ್ಲದೆ. ಬರುವ ಸೋಮವಾರ ಬೆಳಿಗ್ಗೆ ಏಳಕ್ಕೆ ಅವಳಿನಗರದ ಎಲ್ಲರೂ ತಮ್ಮ ತಮ್ಮ ಆಸ್ಪತ್ರೆಯ ಗೇಟಿನ ಹೊರಗೆ ಒಂದು ತಾಸು ನಿಲ್ಲುವುದೆಂದು ತೀರ್ಮಾನವಾಯಿತು. ಕೂಗಾಟ ಬೇಡ, ಬರಿಗೈ ತೋರಿಸಿ ನಿಂತರೆ ಸಾಕು.

ಆ ವಾರದ ಗುರುವಾರ ಒಂದು ಹೊಸ ಆರ್ಡರು ಬಂತು.

ಏಜೆನ್ಸಿಗೆ ಹಾಜರಿ ಪುಸ್ತಕ ಇರಲಿಲ್ಲ. ಹಾಜರಿಗೊಂದು ವಾಟ್ಸಾಪ್ ಗ್ರೂಪಿತ್ತು. ಬೆಳಿಗ್ಗೆ ಆರಕ್ಕೆ ಎಲ್ಲಿದ್ದರೂ ತಮ್ಮ ಫೋಟೋ ತೆಗೆದು ಅದಕ್ಕೆ ಹಾಕಬೇಕು. ಆರೂ ಹತ್ತಾದರೆ ಅರ್ಧ ದಿನದ ಪಗಾರ ಹೋಯಿತು. ಹೀಗಾಗಿ ಅದು ಹಲ್ಲು ತಿಕ್ಕುವಷ್ಟೇ ರೂಢಿಯಾಗಿತ್ತು. ಅರೆಗಣ್ಣಲ್ಲಿ ತೆಗೆದು, ಅರೆಗಣ್ಣಲ್ಲಿ ಕಳಿಸುತ್ತಿದ್ದರು. ಗುರುವಾರ ಐದೂ ಮುಕ್ಕಾಲಿಗೆ ರಮಾಕಾಂತರ ಸಂದೇಶ ಬಂತು. ಇಂದಿನಿಂದ ಹಾಜರಿ ಫೋಟೋದಲ್ಲಿ ಮುಖದ ಎರಡೂ ಪಕ್ಕ ಕೈ ಮೇಲೆತ್ತಿ, ಅಂಗೈ ಕಾಣುವಂತೆ ತೆಗೆಯತಕ್ಕದ್ದು. ನಿಮ್ಮ ಕೈಗಳ ಆರೋಗ್ಯ ತಪಾಸಣೆಗಾಗಿ.

ಕೆಲವರಿಗೆ ಸಂತೋಷವಾಯಿತು. ಬರಿಗೈ ಪುಟ ಕೆಲಸ ಮಾಡಿತು, ಕೈಗವಸು ಬರುತ್ತದೆ ಎಂದುಕೊಂಡರು. ಎರಡೂ ಕೈ ಮೇಲಿರಬೇಕಲ್ಲ, ಅಕ್ಕನೋ ತಮ್ಮನೋ ಫೋನು ಹಿಡಿದು ಕ್ಲಿಕ್ಕು ಒತ್ತಿದರು. ಒಂದರ ಹಿಂದೆ ಒಂದು ಮುಖ, ಒಂದರ ಹಿಂದೆ ಒಂದು ಜೊತೆ ಕೈ. ಗುಲ್ನಾಜಳೂ ಕಳಿಸಿದಳು. ಅಪ್ಪ ಉಸ್ಮಾನಸಾಬ ಫೋನು ಹಿಡಿದು ಫೋಟೋ ತೆಗೆದಿದ್ದ.

ಕಳಿಸಿ, ಚಹಾದ ಬಟ್ಟಲು ಬಾಯಿಗಿಟ್ಟಾಗ ಅವಳಿಗೆ ಹೊಳೆಯಿತು. ಬಟ್ಟಲು ಕೆಳಗಿಟ್ಟಳು. ಅರವತ್ತೆರಡು ಮಂದಿಯಲ್ಲಿ ಅರವತ್ತೊಂದು ಮಂದಿಯ ಮುಖ, ಅದರ ಪಕ್ಕದಲ್ಲೇ ಅವರವರ ಕೈ, ಇವೆಲ್ಲ ಈಗ ರಮಾಕಾಂತರ ಬಳಿ ಇದ್ದವು. ಒಂದು ಬೈಗುಳವಿಲ್ಲ, ಒಂದು ಬೆದರಿಕೆಯಿಲ್ಲ. ತಾವೇ ಎತ್ತಿ ಕೊಟ್ಟಿದ್ದರು.

ಬಾಕಿ ಉಳಿದದ್ದು ಮುರಿಗೆವ್ವ. ಮೊದಲ ಬಸ್ಸಿನಲ್ಲಿದ್ದಳು, ಸಿಗ್ನಲ್ ಸಿಕ್ಕಿರಲಿಲ್ಲ. ಗುಲ್ನಾಜ ಹತ್ತು ಸಲ ಫೋನು ಮಾಡಿದಳು. ಹನ್ನೊಂದನೆಯ ಸಲ ಹತ್ತಿತು.

"ಹಾಜರಿ ಹಾಕಬ್ಯಾಡ. ಇಳದು ಮನೀಗೆ ಹೋಗು. ಜ್ವರಾ ಬಂದೇತಿ ಅನ್ನು."

"ಯಾಕ?"

"ನಿನ್ನ ಹೆಬ್ಬೆರಳಿನ ಬುಡಕ ಹಚ್ಚಿ ಐತಲ್ಲ, ಮೂರ ಚುಕ್ಕಿ. ಫೋಟೋದಾಗ ಅದು ಅರ್ಧಾ ಬಂದೇತಿ. ನಾ ನೋಡಿದ್ದಿಲ್ಲ."

ಬಸ್ಸಿನ ಸದ್ದು ಕೇಳುತ್ತಿತ್ತು. ಆಮೇಲೆ ಮುರಿಗೆವ್ವ ಬಸ್ಸು ನಿಲ್ಲಿಸಲು ಕೂಗಿದ್ದು ಕೇಳಿತು.

ಮರುದಿನ ಶಿಫ್ಟು ಬದಲಾಗುವ ಹೊತ್ತಿಗೆ ಎಲ್ಲರನ್ನೂ ನೆಲಮಾಳಿಗೆಗೆ ಕರೆದರು. ಸಾಲಾಗಿ ನಿಲ್ಲಿಸಿದರು. ರಮಾಕಾಂತರ ಎಡಗೈಯಲ್ಲಿ ಬರಿಗೈ ಪುಟ ತೆರೆದಿಟ್ಟ ಟ್ಯಾಬು, ಬಲಗೈಯಲ್ಲಿ ಪೆನ್ನು. ಒಬ್ಬೊಬ್ಬರ ಮುಂದೆಯೂ ನಿಂತರು. ಕೈ ಮುಟ್ಟಲಿಲ್ಲ. ಪೆನ್ನಿನ ತುದಿಯಿಂದ ಬೆರಳು ಸರಿಸಿ, ಅಂಗೈ ಹೊರಳಿಸಿ ನೋಡಿದರು. ಸಂತೆಯಲ್ಲಿ ಬದನೆಕಾಯಿಯನ್ನೂ ಜನ ಕೈಯಲ್ಲಿ ಹಿಡಿದು ನೋಡುತ್ತಾರೆ. ಐದು ಮಂದಿಯ ಹೆಸರು ಬರೆದುಕೊಂಡರು. ಅವರು ತಮ್ಮ ಪಾಲಿನ ಗಾಯ ಕಳಿಸಿದ್ದವರೇ. ಒಬ್ಬಳು ನಿಂತಲ್ಲೇ ಅಳತೊಡಗಿದಳು.

"ಅಳಬ್ಯಾಡ್ರಿ ತಂಗಿ. ನಿಮಗ ಯಾರೋ ಇದನ್ನ ಹೇಳಿಕೊಟ್ಟಾರ, ನನಗ ಗೊತ್ತದ," ಎಂದರು ರಮಾಕಾಂತ. ಸಾಲಿನ ಕೊನೆಗೆ ಬಂದು ನಿಂತರು. "ಶಿರಗುಪ್ಪಿ ಹುಡುಗಿ ಎಲ್ಲಿ? ನಿನ್ನೆನೂ ಬಂದಿಲ್ಲ, ಇವತ್ತೂ ಇಲ್ಲ. ಹಾಜರಿನೂ ಕಳಿಸಿಲ್ಲ. ಆಕಿನ್ನ ನೋಡ್ಬೇಕಿತ್ತು."

ಗುಲ್ನಾಜಳಿಗೆ ಯೋಚನೆ ಮಾಡಲು ಪುರುಸೊತ್ತಿರಲಿಲ್ಲ. ಅವರ ಮನಸ್ಸಿನಿಂದ ಶಿರಗುಪ್ಪಿ ಎಂಬ ಹೆಸರು ಹೋಗಬೇಕಿತ್ತು, ಅಷ್ಟೇ.

"ಆ ಪೇಜ್ ಮಾಡಿದಾಕಿ ನಾನು," ಎಂದಳು.

ರಮಾಕಾಂತ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಕೋಪ ಬಂದವರಂತೆ ಕಾಣಲಿಲ್ಲ. ಹುಡುಕುತ್ತಿದ್ದ ಕನ್ನಡಕ ಸಿಕ್ಕವರಂತೆ ಕಂಡರು.

"ಛಲೋ ಆತು. ಉಳಿದವರು ಹೋಗ್ರಿ," ಎಂದರು. ಚಹಾ ತರಿಸಿದರು. ಗುಲ್ನಾಜ ಮುಟ್ಟಲಿಲ್ಲ.

"ಮದಲನೇ ಕೈ ಯಾರದು?"

"ಹೇಳಂಗಿಲ್ರಿ."

"ಹಂಗಾದ್ರ ಅದು ಯಾರದೂ ಅಲ್ಲ ಅಂತಾತು. ಹೆಸರಿಲ್ಲದ ಕೈ ಅಂದ್ರ ಸುಳ್ಳು ಕೈ. ಕುಂಕುಮ ನೀರು ಹಚ್ಚಿ ಫೋಟೋ ತಗದೀರಿ. ಹಂಗಂತ ಒಂದು ವಿಡಿಯೋ ಮಾಡಿ ಅದ ಪೇಜಿನ್ಯಾಗ ಹಾಕ್ರಿ, ಸೋಮವಾರದ್ದು ರದ್ದು ಅನ್ರಿ. ನಿಮ್ಮ ಮ್ಯಾಲ ಕೇಸು ಬರದಂಗ ನಾ ನೋಡ್ಕೋತೀನಿ."

"ಖರೇ ಆಗಿದ್ದನ್ನ ಸುಳ್ಳು ಅಂತ ಹೆಂಗ ಹೇಳ್ಲಿ?"

"ನಿಮ್ಮ ವಯಸ್ಸಿನ್ಯಾಗ ಹಂಗ ಅನಸ್ತದ," ಎಂದರು. "ಸೋಮವಾರ ಇನ್ನೂ ದೂರ ಅದ. ವಿಚಾರ ಮಾಡ್ರಿ."

ಅಂದಿನಿಂದಲೇ ಅವಳನ್ನು ಕೆಲಸದಿಂದ ದೂರವಿಟ್ಟರು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ಊರಿನ ಗ್ರೂಪುಗಳಲ್ಲಿ ಒಂದು ಫೋಟೋ ಓಡಾಡತೊಡಗಿತು. ಓಣಿಯ ಗ್ರೂಪು, ಕಾಲೇಜಿನ ಗ್ರೂಪು, ವಾಕಿಂಗ್ ಹೋಗುವವರ ಗ್ರೂಪು, ಎಲ್ಲ ಕಡೆ. ಗುಲ್ನಾಜಳ ಹಾಜರಿ ಫೋಟೋ. ಹಾಜರಿಗೆಂದು ತೆಗೆದದ್ದು ಎಂದು ಗೊತ್ತಿಲ್ಲದವರಿಗೆ ಅದು ಹೇಗೆ ಕಾಣುತ್ತದೆ? ತಲೆಯ ಮೇಲೆ ದುಪಟ್ಟಾ, ನಿದ್ದೆಗಣ್ಣು, ಎರಡೂ ಕೈ ಮೇಲಕ್ಕೆ. ಪೊಲೀಸರೆದುರು ಕೈ ಎತ್ತಿದವಳಂತೆ ಕಾಣುತ್ತಿದ್ದಳು. ಕೆಳಗೆ ಬರೆದಿತ್ತು: 'ಸಿಕ್ಕಿಬಿದ್ದಳು. ಕುಂಕುಮ ನೀರಿನ ಗಾಯ ತೋರಿಸಿ ನಮ್ಮ ಆಸ್ಪತ್ರೆಗಳ ಹೆಸರು ಕೆಡಿಸುವ ಜಾಲ. ಹೆಸರು ನೋಡಿ, ಅರ್ಥ ಮಾಡಿಕೊಳ್ಳಿ.' ಅದರ ಕೆಳಗೆ ಅವಳ ಹೆಸರು, ಅಪ್ಪನ ಹೆಸರು, ಓಣಿಯ ಹೆಸರು.

ಹೆಸರು ನೋಡಿದವರು ಅರ್ಥ ಮಾಡಿಕೊಂಡರು. ಸೂಜಿ, ಕೈಗವಸು, ಎಪ್ಪತ್ತೆರಡು ತಾಸು ಎಲ್ಲ ಮೂಲೆಗೆ ಬಿತ್ತು. ಹೊರಗಿನ ದುಡ್ಡು ಎಷ್ಟು ಬಂತು ಎಂದು ಒಬ್ಬ ಕೇಳಿದ. ಹಿಂದೆ ಯಾರಿದ್ದಾರೆಂದು ಇನ್ನೊಬ್ಬ ಕೇಳಿದ. ಆ ಗಾಯದ ಹುಡುಗಿ ಎಲ್ಲಿ, ಇದ್ದರೆ ತಾನೆ ತೋರಿಸುವುದು, ಎಂದು ಎಲ್ಲರೂ ಕೇಳಿದರು.

ಉಸ್ಮಾನಸಾಬ ಮೂವತ್ತು ವರ್ಷದಿಂದ ಸ್ಕೂಟರು ರಿಪೇರಿ ಮಾಡುವವನು. ಅವನ ಗಿರಾಕಿಯೇ ಫೋನು ತೆರೆದು, 'ನಿಮ್ಮ ಮಗಳಲ್ಲೇನ್ರಿ ಇಕಿ' ಎಂದು ತೋರಿಸಿದ. ತಾನೇ ಕ್ಲಿಕ್ಕಿಸಿದ ಫೋಟೋ. ಗಿರಾಕಿ ಸ್ಕೂಟರು ಅರ್ಧ ಬಿಚ್ಚಿದ್ದಂತೆಯೇ ತಳ್ಳಿಕೊಂಡು ಹೋದ.

ರವಿವಾರ ಬೆಳಿಗ್ಗೆ ರಮಾಕಾಂತ ಗ್ಯಾರೇಜಿಗೇ ಬಂದರು. ತಮ್ಮದೇ ಕಾರು, ಒಬ್ಬರೇ. ಉಸ್ಮಾನಸಾಬ ಬಟ್ಟೆಯಿಂದ ಸ್ಟೂಲು ಒರೆಸಿ ಕೊಟ್ಟ. ಅವರು ಕೂರಲಿಲ್ಲ.

"ಕಾಕಾ, ನಿಮ್ಮ ಮಗಳು ಶ್ಯಾಣ್ಯಾಕಿ. ಆದ್ರ ಹಟಾ ಭಾಳ," ಎಂದರು. ಆಮೇಲೆ ಗುಲ್ನಾಜಳ ಕಡೆ ತಿರುಗಿದರು. "ವಿಡಿಯೋ ಬ್ಯಾಡ ಅಂದ್ರ ಬ್ಯಾಡ. ಹೆಸರರ ಹೇಳ್ರಿ. ಆಕಿನ್ನ ನಮ್ಮ ಆಸ್ಪತ್ರ್ಯಾಗ ಫುಕಟ್ ಟೆಸ್ಟ್ ಮಾಡ್ಸತೀವಿ, ಔಷಧಾ ಕೊಡ್ಸತೀವಿ. ಒಂದ ಕಾಗದಕ್ಕ ಆಕಿ ಸಹಿ ಮಾಡಿದ್ರ ಮುಗೀತು. ತನ್ನ ತಪ್ಪಿಲೆ ಚುಚ್ಚಕೊಂಡೆ ಅಂತ. ನಿಮ್ಮ ಹಟದಿಂದ ಆಕಿಗೆ ಔಷಧ ಸಿಗದಂಗ ಆಗ್ತದ, ಅದನ್ನ ವಿಚಾರ ಮಾಡ್ರಿ."

ಗುಲ್ನಾಜ ವಿಚಾರ ಮಾಡಿದಳು. ಸುಳ್ಳು ಹೇಳುವುದಿಲ್ಲ, ಆ ಕ್ಷಣ ಅವಳ ಮನಸ್ಸು ಅಲ್ಲಾಡಿತು. ಗುಳಿಗೆ ಬೇಕಾದಾಗ ಕೊಡದವರು ಈಗ ಮನೆಬಾಗಿಲಿಗೆ ತಂದಿದ್ದರು. ಬೇಕಾದದ್ದು ಒಂದೇ ಹೆಸರು. ಆಣೆ ಮುರಿದರೆ ಮುರಿಗೆವ್ವನಿಗೆ ಒಳ್ಳೆಯದಾಗುವುದಾದರೆ? ಆಮೇಲೆ ಆ ಕಾಗದ ನೆನಪಾಯಿತು. ತನ್ನ ತಪ್ಪಿನಿಂದ.

"ಹೇಳಂಗಿಲ್ರಿ," ಎಂದಳು. "ಮಂಗಳವಾರ ಹತ್ತೂವರಿಗೆ ಕೇಳಾಕ ಬಂದಿದ್ವಿ. ಆವತ್ತ ಆಕಿ ಹೆಸರು ನಿಮಗ ಬೇಕಾಗಿದ್ದಿಲ್ಲ."

ರಮಾಕಾಂತ ಕೈಗೆ ಸ್ಯಾನಿಟೈಸರು ಹಚ್ಚಿಕೊಂಡರು. "ಆತು," ಎಂದಷ್ಟೇ ಹೇಳಿ ಕಾರು ಹತ್ತಿದರು. ಆ ಒಂದು ಮಾತು ಗುಲ್ನಾಜಳಿಗೆ ಸರಿ ಅನ್ನಿಸಲಿಲ್ಲ. ಅವರು ಇನ್ನೊಮ್ಮೆ ಕೇಳಬೇಕಿತ್ತು. ಕೇಳಲಿಲ್ಲ ಎಂದರೆ ಅವರಿಗೆ ಕೇಳುವ ಅಗತ್ಯ ಉಳಿದಿಲ್ಲ. 'ಬಂದಿದ್ವಿ' ಎಂದು ತಾನೇ ಹೇಳಿಬಿಟ್ಟಿದ್ದಳು: ಜೊತೆಗೆ ಬಂದವಳು, ಮೂರು ದಿನದಿಂದ ಹಾಜರಿಲ್ಲದವಳು.

"ಬೇಟಿ," ಎಂದ ಉಸ್ಮಾನಸಾಬ, ಕಾರು ಹೋದ ಮೇಲೆ. "ನಾ ನಿನಗ ಮಾಡು ಅಂತನೂ ಅನ್ನಂಗಿಲ್ಲ, ಬ್ಯಾಡ ಅಂತನೂ ಅನ್ನಂಗಿಲ್ಲ. ನನಗ ಹೆದರಿಕಿ ಆಗೇತಿ. ಅದನ್ನಷ್ಟ ಹೇಳಾಕತ್ತೇನಿ."

"ನನಗೂ ಆಗೇತಿ ಅಬ್ಬಾ."

ಸಂಜೆಯಾದಂತೆ ಗ್ರೂಪು ಖಾಲಿಯಾಗತೊಡಗಿತು. ಯಾರೂ ಜಗಳವಾಡಲಿಲ್ಲ, ಕಾರಣ ಹೇಳಲಿಲ್ಲ. ಒಂದೊಂದೇ ನಂಬರು ಹೊರಹೋದ ಸಾಲು ಪರದೆಯ ಮೇಲೆ ಬರುತ್ತಿತ್ತು. ಇನ್ನೂರ ಹದಿನಾಲ್ಕು ನೂರಾ ನಲವತ್ತಾಯಿತು. ಹೊತ್ತು ಮುಳುಗಿ ಮಗ್ರಿಬಿನ ಬಾಂಗು ಕೂಗುವಾಗ ಎಪ್ಪತ್ತು. ಊಟದ ಹೊತ್ತಿಗೆ ನಲವತ್ತೊಂದು. ಆ ನಲವತ್ತೊಂದು ಮಂದಿಯಲ್ಲಿ ಯಾರು ತಮ್ಮವರು, ಯಾರು ರಮಾಕಾಂತರಿಗೆ ಓದಿ ಹೇಳುವವರು, ಯಾರಿಗೆ ಗೊತ್ತು. ಮುರಿಗೆವ್ವನ ಫೋನು ಬೆಳಗಿನಿಂದ ಬಂದ್ ಇತ್ತು. ನವಾಜ ಒಂದೇ ಸಾಲು ಬರೆದ: ಒಬ್ಬನ ಇದ್ರೂ ನಾ ನಿಮ್ಮ ಗೇಟಿಗೇ ಬರ್ತೇನಿ.

ಸೋಮವಾರ. ಬೆಳಗಿನ ಆರಕ್ಕೆ ಗುಲ್ನಾಜ ಫೋನು ಹಿಡಿದು ಕೂತಿದ್ದಳು. ಹಾಜರಿ ಗ್ರೂಪಿನಿಂದ ಅವಳನ್ನು ತೆಗೆಯಲು ರಮಾಕಾಂತ ಮರೆತಿದ್ದರು, ಇಲ್ಲವೇ ಬೇಕೆಂದೇ ಬಿಟ್ಟಿದ್ದರು. ಆರೂ ಒಂದಕ್ಕೆ ಮೊದಲ ಫೋಟೋ ಬಂತು.

ಮುರಿಗೆವ್ವ. ಕತ್ತಲು ಕೋಣೆ, ಹಿಂದೆ ಜೋಳದ ಚೀಲ. ಫೋನನ್ನು ಯಾವುದಕ್ಕೋ ಆನಿಸಿ ತೆಗೆದಿದ್ದಳು, ಚೌಕಟ್ಟು ಓರೆಯಾಗಿತ್ತು. ಎರಡೂ ಕೈ ಮೇಲೆ. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಮೂರು ಚುಕ್ಕೆ, ಸ್ಪಷ್ಟವಾಗಿ. ಅದರ ಕೆಳಗೆ ಒಂದು ಧ್ವನಿಸಂದೇಶ.

"ನಾ ಮುರಿಗೆವ್ವ, ಶಿರಗುಪ್ಪಿ. ಆ ಮದಲನೇ ಕೈ ನಂದು. ಸುಳ್ಳಲ್ಲ. ಕುಂಕುಮ ಅಲ್ಲ. ಗುಲ್ನಾಜ ನನ್ನ ಸಲವಾಗಿ ಬಾಯಿ ಬಿಟ್ಟಿಲ್ಲ. ಇನ್ನ ಆಕಿನ್ನ ಯಾರೂ ಏನೂ ಅನ್ನಬ್ಯಾಡ್ರಿ. ಹಾಜರಿ ತಗೋರಿ ಸಾಹೇಬ್ರ."

ಗುಲ್ನಾಜ ಕೂಡಲೇ ಫೋನು ಹಚ್ಚಿದಳು. ಎತ್ತಿದ್ದು ಗಂಡಸು.

"ಅರ್ಜುನಪ್ಪ ಅಣ್ಣಾ, ಮುರಿಗಿಗೆ ಕೊಡ್ರಿ."

"ಅಕಿ ಇನ್ನ ಕೆಲಸಕ್ಕ ಬರಂಗಿಲ್ಲ. ಫೋನ ಈಗ ಕಸಗೊಂಡೇನಿ, ಮತ್ತ ಮಾಡಬ್ಯಾಡ್ರಿ." ಅವನ ದನಿ ಒಡೆದಿತ್ತು. "ನಿನ್ನಿ ಸಂಜೀಕ ನಿಮ್ಮ ಸಾಹೇಬ್ರು ಫೋನ್ ಮಾಡಿದ್ರು. ನಿಮ್ಮ ತಂಗಿಗೆ ದೊಡ್ಡ ರೋಗ ಐತಿ, ಮನ್ಯಾಗ ಇಟ್ಕೋರಿ, ಹೊರಗ ಬಿಟ್ರ ಟೀವ್ಯಾಗ ಬರ್ತದ ಅಂದ್ರು. ಬೀಗರಿಗೂ ಅವರ ಹೇಳ್ಯಾರ. ನಾ ಏನ್ ಮಾಡ್ಲಿ?"

"ರೋಗ ಇಲ್ರಿ ಅಣ್ಣಾ. ಮದಲನೇ ಟೆಸ್ಟ್‌ನ್ಯಾಗ ಏನೂ ಬಂದಿಲ್ಲ. ಎರಡನೇದು ಇನ್ನ ಆಗೇ ಇಲ್ಲ."

ಹಿಂದೆ ಧಡ್ ಧಡ್ ಎಂದು ಸದ್ದು. ಒಳಗಿನಿಂದ ಯಾರೋ ಬಾಗಿಲು ಬಡಿಯುತ್ತಿದ್ದರು. ಫೋನು ಕಟ್ಟಾಯಿತು.

ಏಳಕ್ಕೆ ಅವಳು ವಿದ್ಯಾನಗರದ ಗೇಟಿನ ಹತ್ತಿರ ತಲುಪಿದಾಗ ಪೊಲೀಸ್ ಜೀಪು ಆಗಲೇ ನಿಂತಿತ್ತು. ನವಾಜ ಬಂದಿದ್ದ. ಅವನ ಜೊತೆ ಎಂಟು ಮಂದಿ. ಗಾಜಿನ ಬಾಗಿಲಾಚೆ ರಮಾಕಾಂತ, ಬೆನ್ನ ಹಿಂದೆ ಕೈ ಕಟ್ಟಿ. ಎಂಟು ಮಂದಿಯನ್ನು ಅವರು ಎಣಿಸಿ ನೋಡಿದರು, ಅದು ಮುಖದಲ್ಲಿ ಕಂಡಿತು. ಇಷ್ಟೇ ತಾನೆ ಎಂಬ ಮುಖ.

ಆಮೇಲೆ ಹಿಂದಿನ ಬಾಗಿಲಿನಿಂದ ರಾತ್ರಿ ಪಾಳಿಯವರು ಹೊರಬಂದರು. ಕೈ ತೊಳೆದಿರಲಿಲ್ಲ. ಒಳಗೆ ಹೋಗಬೇಕಾಗಿದ್ದ ಬೆಳಗಿನ ಪಾಳಿಯವರೂ ಹೋಗಲಿಲ್ಲ. ಶುಕ್ರವಾರ ಅತ್ತವಳು ಎಲ್ಲರಿಗಿಂತ ಮುಂದೆ ಇದ್ದಳು. ಎಲ್ಲರೂ ಮುರಿಗೆವ್ವನ ಧ್ವನಿ ಕೇಳಿಸಿಕೊಂಡಿದ್ದರು.

"ನಾ ಇಲ್ಲಿ ನಿಲ್ಲಂಗಿಲ್ಲ," ಎಂದಳು ಗುಲ್ನಾಜ. "ಆಕಿನ್ನ ಕೀಲಿ ಹಾಕ್ಯಾರ. ನಾ ಶಿರಗುಪ್ಪಿಗೆ ಹೊಂಟೇನಿ."

ಅವಳು ಒಬ್ಬಳೇ ಹೋಗುವವಳಿದ್ದಳು. ತಿರುಗಿ ನೋಡಿದಾಗ ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಎಲ್ಲರೂ ಹಿಂದೆ ಬರುತ್ತಿದ್ದರು. ಗೇಟು ಬರಿದಾಯಿತು. ಜೀಪಿನವರಿಗೆ ಗೇಟು ಕಾಯಬೇಕೋ ಇವರನ್ನು ಹಿಂಬಾಲಿಸಬೇಕೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಹಿಂಬಾಲಿಸಿದರು.

ಗದಗಿನ ಕಡೆಯ ಬಸ್ಸಿನಲ್ಲಿ ಕಂಡಕ್ಟರು, "ಶಿರಗುಪ್ಪ್ಯಾಗ ಏನೈತ್ರಿ ಇವತ್ತ, ಇಷ್ಟ್ ಮಂದಿ?" ಎಂದು ಕೇಳಿದ.

"ನಮ್ಮಾಕಿ ಅದಾಳ," ಎಂದಳು ಗುಲ್ನಾಜ.

ಕೇರಿಯ ಕೊನೆಯ ಮನೆ. ಓಣಿಯ ಜನ ದೂರ ದೂರ ನಿಂತಿದ್ದರು, ಆಗಲೇ ಅಷ್ಟು ದೂರ. ಅರ್ಜುನಪ್ಪ ಕಟ್ಟೆಯ ಮೇಲೆ ಕೀಲಿಕೈ ಹಿಡಿದು ಕೂತಿದ್ದ. ನಿದ್ದೆ ಮಾಡದ ಕಣ್ಣು. ಇಷ್ಟು ಜನ ಬಂದದ್ದು ಕಂಡು ಎದ್ದು ನಿಂತ. ಬಾಗಿಲಿಗೆ ಬೆನ್ನು ಕೊಟ್ಟ.

"ಇಕಿ ನನ್ನ ತಂಗಿ," ಎಂದ. "ಬ್ಯಾರೆ ಏನ್ ಮಾಡೂದಿತ್ತು ನಾ? ಸಾಯ್ಲಿ ಅಂತ ಬಿಡೂದಿತ್ತೇನು?"

"ಅವ್ರ ಹೇಳಿದ್ದು ಸುಳ್ಳು. ನಮ್ಮ ಮುಂದ ನಿಂತು ಹೇಳ್ಲಿ ನೋಡೋಣು," ಎಂದ ನವಾಜ.

ಅರ್ಜುನಪ್ಪ ಒಬ್ಬೊಬ್ಬರ ಮುಖವನ್ನೂ ನೋಡಿದ. ಮುಖ ನೋಡಿ ಏನೂ ತಿಳಿಯದೆ ಅವರ ಕೈಗಳನ್ನು ನೋಡಿದ. ಓಣಿಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿತು. ಅವನು ಕೀಲಿಕೈಯನ್ನು ಗುಲ್ನಾಜಳ ಅಂಗೈಯಲ್ಲಿಟ್ಟು ಪಕ್ಕಕ್ಕೆ ಸರಿದ.

ಗುಲ್ನಾಜ ಬೀಗಕ್ಕೆ ಕೀಲಿ ಹಾಕಿದಳು. ಮೊದಲ ಸಲ ಅದು ತಿರುಗಲಿಲ್ಲ. ಜೀಪು ನಿಂತಿತು, ಬಾಗಿಲು ತೆರೆದ ಸದ್ದಾಯಿತು, ಬೂಟು ಕೆಳಗಿಳಿದವು.

"ಗುಲ್ನಾಜ?" ಒಳಗಿನಿಂದ ಮುರಿಗೆವ್ವನ ದನಿ. ಕೂಗಿ ಕೂಗಿ ಗಂಟಲು ಕೂತಿತ್ತು. "ಇವತ್ತ ಹಾಜರಿ ಯಾರ್ಯಾರು ಹಾಕಿದ್ರ?"

"ನೀ ಒಬ್ಬಾಕಿನ. ಉಳದವ್ರೆಲ್ಲಾ ಇಲ್ಲೇ ನಿನ್ನ ಬಾಗಲದಾಗ ಅದಾರ," ಎಂದಳು ಗುಲ್ನಾಜ, ಮತ್ತೆ ಕೀಲಿ ತಿರುವುತ್ತ.